ಲಕ್ಕಮ್ಮ ಕೂತ ಸೀಟು

ಲಕ್ಕಮ್ಮನಿಗೆ ಗಂಡನ ಮೇಲೆ ವಿಪರೀತ ಅನುಮಾನ ಎಂದು ನಾನು ಬಹಳ ಕಾಲ ನಂಬಿದ್ದೆ. ನಾನೊಬ್ಬನೇ ಅಲ್ಲ, ಗಂಗಾನಗರದ ನಮ್ಮ ಬೀದಿಗೆ ಬೀದಿಯೇ ನಂಬಿತ್ತು. ಚಿಕ್ಕಮಾರಯ್ಯನವರು ಬೆಳಿಗ್ಗೆ ಲಾರಿ ಸ್ಟಾರ್ಟ್ ಮಾಡಿದರೆಂದರೆ ಎಡಗಡೆಯ ಬಾಗಿಲಿನಿಂದ ಲಕ್ಕಮ್ಮ ಸೀರೆ ಎತ್ತಿಕಟ್ಟಿ ಹತ್ತಿ ಕೂರುತ್ತಿದ್ದರು. ಹೆಸರಘಟ್ಟದ ಕಡೆಯಿಂದ ಸೊಪ್ಪು, ಮೂಲಂಗಿ, ದ್ರಾಕ್ಷಿ ಹೇರಿಕೊಂಡು ಯಶವಂತಪುರದ ಮಂಡಿಗೆ, ಮಂಡಿಯಿಂದ ಗೊಬ್ಬರದ ಮೂಟೆ ಹೇರಿಕೊಂಡು ವಾಪಸ್ಸು; ಲಾರಿ ಎಲ್ಲಿಗೆ ಹೋದರೂ ಆ ಸೀಟಿನಲ್ಲಿ ಲಕ್ಕಮ್ಮ. ಬೇರೆ ಕ್ಲೀನರ್ ಇರಲಿಲ್ಲ. ಅವರೇ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾಗಿಲಿನ ತಗಡನ್ನು ಅಂಗೈಯಿಂದ ಬಡಿಯುತ್ತಿದ್ದರು. ಒಂದು ಏಟಿಗೆ ಲಾರಿ ನಿಲ್ಲಬೇಕು, ಎರಡು ಏಟಿಗೆ ಹೊರಡಬೇಕು.

ಚಿಕ್ಕಮಾರಯ್ಯನವರಿಗೋ, ಬಿಸಿಲಿರಲಿ ಮೋಡವಿರಲಿ, ಕಣ್ಣಿಗೆ ಕಪ್ಪು ಕೂಲಿಂಗ್ ಗ್ಲಾಸ್. ಇಂಥ ಶೋಕಿಯ ಗಂಡಸನ್ನು ಯಾವ ಹೆಂಡತಿ ತಾನೇ ಒಬ್ಬನೇ ಬಿಟ್ಟಾಳು ಎಂಬುದು ಬೀದಿಯ ತೀರ್ಮಾನ. ನಾನು ಆಗ ಯಶವಂತಪುರದ ಒಂದು ಟೈರ್ ಅಂಗಡಿಯಲ್ಲಿ ಗುಮಾಸ್ತ. ಇನ್ನೂ ಮದುವೆಯಾಗಿರಲಿಲ್ಲವಾದ್ದರಿಂದ ದಾಂಪತ್ಯದ ಬಗ್ಗೆ ನನಗೆ ತಿಳಿಯದ್ದು ಏನೂ ಇರಲಿಲ್ಲ.

ನಿಜ ಸಂಗತಿ ಬೇರೆಯೇ ಇತ್ತು. ಲಾರಿಯ ಕೆಳಗೆ ಮಲಗಿ ಏನನ್ನೋ ಬಡಿಯುತ್ತಿದ್ದಾಗ ಕಬ್ಬಿಣದ ಚೂರು ಸಿಡಿದು ಚಿಕ್ಕಮಾರಯ್ಯನವರ ಎಡಗಣ್ಣಿಗೆ ಹೂ ಬಿದ್ದಿತ್ತು. ಆ ಕಡೆ ಅವರಿಗೆ ಆನೆ ಬಂದರೂ ಕಾಣುತ್ತಿರಲಿಲ್ಲ. ಗೊತ್ತಾದರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ಲಾರಿ ನಿಲ್ಲುತ್ತದೆ, ಮತ್ತು ಅದು ಹೆಬ್ಬಾಳದ ಹೊಲ ಮಾರಿ ಕೊಂಡ ಲಾರಿ. ಹೀಗಾಗಿ ಕಣ್ಣಿಗೆ ಕಪ್ಪು ಗಾಜು ಬಂತು, ಎಡಗಡೆಗೆ ಲಕ್ಕಮ್ಮ ಬಂದರು. ಅವರಿಬ್ಬರನ್ನು ಬಿಟ್ಟು ಮೂರನೆಯವರಿಗೆ ಇದು ತಿಳಿದಿರಲಿಲ್ಲ. ಆ ಮೂರನೆಯವನಾಗುವ ಯೋಗ ನನಗೆ ಕೂಡಿಬಂದದ್ದು ಸ್ವಿಟ್ಜರ್ಲೆಂಡಿನಲ್ಲಿ.

ಎಂಬತ್ತರ ದಶಕದ ನಡುಭಾಗ. ನಮ್ಮ ಅಂಗಡಿಯ ಯಜಮಾನರು ಮುರಿಗೆಪ್ಪನವರು, ಬಿಜಾಪುರದ ಕಡೆಯಿಂದ ಬಂದು ಯಶವಂತಪುರದಲ್ಲಿ ನೆಲೆ ನಿಂತವರು. ಲಾರಿ ಮಾಲೀಕರಿಗೆಂದು ಒಂದು ಲಕ್ಕಿ ಡಿಪ್ ಇಟ್ಟರು. ‘ದಂಪತಿಗೆ ಸ್ವಿಟ್ಜರ್ಲೆಂಡ್ ಪ್ರವಾಸ! ಅಲ್ಲಿ ನೀವೇ ಕಾರು ಓಡಿಸಿ!’ ಎಂಬ ಪೋಸ್ಟರನ್ನು ಮಂಡಿಯ ಗೋಡೆಗಳಿಗೆಲ್ಲ ಹಚ್ಚಿಸಿದವನು ನಾನೇ. ಚೀಟಿ ಎತ್ತಿದಾಗ ಬಂದ ಹೆಸರು ಚಿಕ್ಕಮಾರಯ್ಯ. ಮಂಡಿಯವರು ಹಾರ ಹಾಕಿದರು, ತಮಟೆ ಹೊಡೆಸಿದರು. ಹಾರದ ನಡುವಿನ ಮುಖ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಕೂತವರ ಮುಖದಂತಿತ್ತು.

“ಕಾರು ಬ್ಯಾಡಿ ಸಾಮಿ. ಸುಮ್ಕೆ ಊರು ನೋಡ್ಕಂಡು ಬತ್ತೀವಿ,” ಎಂದರು.

“ಅದ್ಹೆಂಗ ಆಗ್ತದ್ರೀ?” ಎಂದರು ಮುರಿಗೆಪ್ಪನವರು. “ಬರೋ ವರ್ಷದ ಕ್ಯಾಲೆಂಡರಿಗೆ ನಿಮ್ಮದ ಫೋಟೋ. ಸ್ಟೇರಿಂಗ್ ಹಿಡಕೊಂಡು ಕುಂತಿರಬೇಕು, ಹಿಂದ ಹಿಮದ ಗುಡ್ಡ ಕಾಣಬೇಕು. ಮತ್ತ ಆ ಕರೀ ಚಷ್ಮಾ ತಗೀರಿ. ಮಂದಿಗೆ ಮಾರಿ ಕಾಣಬ್ಯಾಡೇನು?”

ಚಿಕ್ಕಮಾರಯ್ಯನವರ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಮೂಟೆ ಇಳಿಸುವ ಮುನಿಶಾಮಿ ಬಿಡಲಿಲ್ಲ. “ಏನ್ ಗುರು, ಘಾಟಿನಲ್ಲಿ ಲಾರಿ ಇಳ್ಸೋನು ಕಾರಿಗೆ ಹೆದರ್ಕೊಂಡ್ಬಿಟ್ಯಾ? ಯಾಕೆ, ಏನ್ ಸಮಾಚಾರ?”

ಆ ‘ಯಾಕೆ’ ಬರಬಾರದಿತ್ತು. ಹಿಂದೆ ನಿಂತಿದ್ದ ಲಕ್ಕಮ್ಮ ಥಟ್ಟನೆ, “ಓಗ್ತೀವಿ ಬುಡಿ, ಕಾರೂ ಓಡುಸ್ತೀವಿ,” ಎಂದುಬಿಟ್ಟರು. ‘ಓಡುಸ್ತೀವಿ’ ಎಂದು ತಮ್ಮನ್ನೂ ಸೇರಿಸಿಕೊಂಡು ಹೇಳಿದ್ದನ್ನು ಆಗ ಯಾರೂ ಗಮನಿಸಲಿಲ್ಲ.

ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಅವರ ಜೊತೆಗೆ ಕಳಿಸಿದರು. ಕೋಟು ಹೊಲಿಸಿದೆ. ಅಂಗಡಿಯ ಕ್ಯಾಮೆರಾ ಕೊರಳಿಗೆ ಬಂತು. ಬಸ್ ಸ್ಟಾಪಿನಲ್ಲಿ ಸಿಕ್ಕವರಿಗೆಲ್ಲ “ಆಲ್ಪ್ಸ್ ಕಡೆ ಸ್ವಲ್ಪ ಕೆಲಸ ಇದೆ” ಎನ್ನುತ್ತಿದ್ದೆ.

ನಾವು ಇಳಿದುಕೊಂಡದ್ದು ಒಂದು ಸರೋವರದ ದಂಡೆಯ ಊರಿನಲ್ಲಿ. ಅದರ ಹೆಸರು ಹೇಳಲು ಹೋದರೆ ಈಗಲೂ ಗಂಟಲು ಕೆರೆಯುತ್ತದೆ. ಮಾರನೆಯ ದಿನವೇ ಬಾಡಿಗೆ ಕಾರಿನ ಅಂಗಡಿಗೆ ಹೋದೆವು. ಅಲ್ಲಿದ್ದ ಹೆಂಗಸು ಚಿಕ್ಕಮಾರಯ್ಯನವರ ಪರವಾನಗಿ ನೋಡಿ, ನಕ್ಕು, ಬೀಗದ ಕೈ ಕೊಟ್ಟಳು.

“ಡ್ರೈವರ್ ಎಲ್ಲಿ?” ಎಂದರು ಅವರು.

“ಡ್ರೈವರ್ ನೀವೇ.”

“ನಾನು ಸರಿ. ಈ ಕಾರಿನ ಡ್ರೈವರ್ರು? ಗುರ್ತಿಲ್ಲ ಪರಿಚಯ ಇಲ್ಲ, ಕಾರು ಕೊಟ್ಟು ಕಳುಸ್ತಾಳಾ ಈಯಮ್ಮ?”

ಅವರ ಆಶ್ಚರ್ಯದಲ್ಲಿ ತಪ್ಪಿರಲಿಲ್ಲ. ನಮ್ಮಲ್ಲಿ ಬಾಡಿಗೆ ಕಾರು ಎಂದರೆ ಬೀಡಿ ಸೇದುವ ಡ್ರೈವರ್ ಸಮೇತ ಬರುವ ಅಂಬಾಸಿಡರ್. ಓಡಿಸಿಕೊಳ್ಳಲು ಕೈಗೆ ಸಿಗುತ್ತಿದ್ದದ್ದು ಬಾಡಿಗೆ ಸೈಕಲ್ ಒಂದೇ. ಅದನ್ನೂ ಆರ್.ಟಿ. ನಗರದ ಸೈಕಲ್ ಶಾಪಿನವನು ನಿಮ್ಮಪ್ಪ ಯಾರು, ಮನೆ ಎಲ್ಲಿ ಎಂದು ವಿಚಾರಿಸಿಯೇ ಕೊಡುತ್ತಿದ್ದ. ಈಕೆ ಯಾರ ಅಪ್ಪನನ್ನೂ ಕೇಳಲಿಲ್ಲ. ನಾನು ಕೋಟಿನ ಗುಂಡಿ ಹಾಕಿಕೊಂಡು ಆಡಿದ ಇಂಗ್ಲಿಷಿಗೆ “ಏನು?” ಎಂಬಂತೆ ನೋಡಿದಳು. ಲಕ್ಕಮ್ಮ ಟೈರು ಒದ್ದು, “ಗಾಳಿ ನೆಟ್ಗೆ ಐತಾ ತಾಯಿ?” ಎಂದು ಕೇಳಿದ್ದಕ್ಕೆ ಮಾತ್ರ ತಲೆಯಾಡಿಸಿದಳು.

ಆಮೇಲೆ ಲಕ್ಕಮ್ಮ ರೂಢಿಯಂತೆ ಎಡಗಡೆಯ ಬಾಗಿಲು ತೆಗೆದು ಹತ್ತಲು ಹೋದವರು ಹಾಗೇ ನಿಂತುಬಿಟ್ಟರು.

“ಅಯ್ಯೋ! ನನ್ನ ಜಾಗ್ದಾಗೆ ಸ್ಟೇರಿಂಗ್ ಮಡಗವ್ರಲ್ಲ!”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಕಾಣದ ಕಣ್ಣು ಎಡಗಡೆ. ಸ್ಟೇರಿಂಗೂ ಎಡಗಡೆ. ಅದರಾಚೆಗೆ ಬಾಗಿಲಿದೆಯೇ ಹೊರತು ಲಕ್ಕಮ್ಮ ಕೂರಲು ಜಾಗವಿಲ್ಲ. ನಾನಂತೂ ಏನೂ ಅರಿಯದೆ, ಈ ದೇಶದಲ್ಲಿ ರಸ್ತೆಯ ಬಲಬದಿಗೆ ಓಡಿಸಬೇಕು, ನಮ್ಮದು ಬ್ರಿಟಿಷರ ಪದ್ಧತಿ, ಇವರದು ಬೇರೆ ಎಂದು ಚರಿತ್ರೆಯ ಪಾಠ ಮಾಡುತ್ತಿದ್ದೆ. ಪಾಠ ಮುಗಿಯುವುದರೊಳಗೆ ಲಕ್ಕಮ್ಮ ಉಪಾಯ ಕಂಡುಕೊಂಡಿದ್ದರು.

“ನಾನು ಇಂದ್ಗಡೆ ಕೂತ್ಕತೀನಿ. ನೀನು ಮುಂದೆ ಕೂತ್ಕಳಪ್ಪ. ಇಂಗ್ಲೀಸ್ ಬತ್ತದಲ್ಲ.”

ವಿದ್ಯೆಗೆ ಸಂದ ಮರ್ಯಾದೆ ಎಂದುಕೊಂಡು ಮುಂದೆ ಕೂತೆ. ಅವರು ಗಂಡನ ಬೆನ್ನ ಹಿಂದೆ ಕೂತು, ಗಾಜು ಇಳಿಸಿ, ಮಫ್ಲರ್ ಸುತ್ತಿದ ತಲೆಯನ್ನು ಹೊರಗೆ ಹಾಕಿದರು.

ಸರೋವರವನ್ನು ಒಂದು ಸುತ್ತು ಹಾಕಿ ಬರುವುದು ನಮ್ಮ ಯೋಜನೆ. ಯಾವ ಕಡೆಯಿಂದ ಹೊರಡುವುದೆಂದು ನಾನು ನಕ್ಷೆ ಬಿಡಿಸಿದೆ. “ನೀರು ಬಲಗಡೆಗಿರ್ಲಿ,” ಎಂದಿತು ಹಿಂದಿನ ಸೀಟು. “ಗಂಗಮ್ಮನ್ನ ಯಾರಾನ ಅಪ್ರದಕ್ಷಿಣೆ ಸುತ್ತಾರಾ?” ಬಾಗಿಲಿನ ಮೇಲೆ ಎರಡು ಏಟು ಬಿತ್ತು. ಕಾರು ಹೊರಟಿತು.

ಬಲಗಡೆ ನೀಲಿ ನೀರು, ನೀರಿನಾಚೆ ಹಿಮದ ಗುಡ್ಡ. ನೋಡುತ್ತ ಮೈಮರೆತಿದ್ದವನ ಮೂಗಿಗೆ ಫಟ್ಟನೆ ಏನೋ ಬಡಿಯಿತು. ಬಲಕ್ಕೆ ತಿರುಗುವಾಗ ಕಿಟಕಿಯಿಂದ ಬಲಗೈ ಚಾಚುವುದು ಚಿಕ್ಕಮಾರಯ್ಯನವರ ಜೀವಮಾನದ ಅಭ್ಯಾಸ. ಅಲ್ಲಿ ಈಗ ಕಿಟಕಿಯಿರಲಿಲ್ಲ, ನಾನಿದ್ದೆ. “ಓ, ನೀನಿದ್ದೀಯಾ,” ಎಂದರು. ಮುಂದಿನ ತಿರುವಿನಲ್ಲೂ ಇದ್ದೆ.

ಹಿಂದಿನಿಂದ ಲಕ್ಕಮ್ಮನ ದನಿ ನಿಲ್ಲುತ್ತಲೇ ಇರಲಿಲ್ಲ. “ಬರ್ಲಿ, ಬರ್ಲಿ… ಬಸ್ಸು ಐತೆ, ತಡಿ… ಓಯ್ತು, ಗಾಡಿ ಎತ್ತು… ಅಸ ಐತೆ, ಅಸ!” ಕೊರಳಿಗೆ ಬಿಂದಿಗೆಯಷ್ಟು ಗಂಟೆ ಕಟ್ಟಿಕೊಂಡ ಹಸು ತಲೆಯೆತ್ತಿ ನೋಡಿತು. ಎದುರು ಬಂದ ಕಾರಿನವರೂ ನೋಡಿದರು. ನನಗೆ ನಾಚಿಕೆಯಾಯಿತು. ಭಾರತದ ಮಾನದ ಹೊಣೆಯೆಲ್ಲ ನನ್ನ ಕೋಟಿನ ಮೇಲಿದೆ ಎಂದು ನಾನು ತಿಳಿದಿದ್ದ ಕಾಲ ಅದು.

“ಲಕ್ಕಮ್ಮನವರೇ, ತಲೆ ಒಳಗೆ ತಗೊಳ್ಳಿ. ಇಲ್ಲೆಲ್ಲ ಹೀಗೆ ಮಾಡಬಾರದು. ಬಲಗಡೆ ನೋಡಿ, ಎಂಥ ಸರೋವರ!”

“ನೀನು ನೋಡಪ್ಪ.”

“ಪೊಲೀಸರು ಕಂಡರೆ ಹಿಡಿದು ಲೈಸೆನ್ಸ್ ಕೇಳ್ತಾರೆ ಕಣ್ರೀ!”

ಆ ಮಾತು ನಾಟಿತು. ಲಕ್ಕಮ್ಮ ತಲೆ ಒಳಗೆಳೆದುಕೊಂಡು ಗಾಜು ಏರಿಸಿದರು. ಕಾರಿನೊಳಗೆ ಒಮ್ಮೆಲೇ ಸದ್ದಡಗಿತು. ಚಿಕ್ಕಮಾರಯ್ಯನವರ ಕುತ್ತಿಗೆಯ ಮೇಲೆ ಆ ಚಳಿಯಲ್ಲೂ ಬೆವರು ಮೂಡಿದ್ದನ್ನು ಕಂಡು, ಲಾರಿಯವರಿಗೆ ಕಾರಿನ ಸೌಖ್ಯ ಒಗ್ಗುವುದಿಲ್ಲ ಎಂದುಕೊಂಡೆ. ಸ್ವಲ್ಪ ಮುಂದೆ ಎಡಗಡೆ ಒಂದು ಹುಲ್ಲುಗಾವಲು ಕಂಡಿತು. “ಇಲ್ಲೇ ಎಡಕ್ಕೆ ತಿರುಗಿಸಿ, ಫೋಟೋ ತೆಗೆಯೋಣ,” ಎಂದೆ.

ಅವರು ತಿರುಗಿಸಿದರು. ಅಷ್ಟರಲ್ಲಿ ಹಿಂದಿನ ಗಾಜಿನ ಮೇಲೆ ಒಂದೇ ಒಂದು ಏಟು ಬಿತ್ತು. “ಸೈಕ್ಲು!”

ಕಾರು ಕಚ್ಚಿಕೊಂಡಂತೆ ನಿಂತಿತು. ಎಡಗಡೆಯಿಂದ ಬಂದ ಒಬ್ಬ ಮುದುಕ, ಬುಟ್ಟಿ ತುಂಬ ಬ್ರೆಡ್ಡು ಇಟ್ಟುಕೊಂಡು, ನಮ್ಮ ಮೂತಿಯ ಮುಂದೆಯೇ ಸೈಕಲ್ ತುಳಿದುಕೊಂಡು ಹೋದ. ದಾರಿ ಬಿಟ್ಟರೆಂದು ತಿಳಿದು ಟೋಪಿ ಎತ್ತಿ ವಂದಿಸಿದ ಕೂಡ.

“ಅಷ್ಟು ಹತ್ತಿರ ಬಂದದ್ದು ಕಾಣಲಿಲ್ಲವೇ?” ಎಂದೆ.

ಚಿಕ್ಕಮಾರಯ್ಯನವರು ಕನ್ನಡಕ ತೆಗೆದು ಶರಟಿನ ತುದಿಯಲ್ಲಿ ಒರೆಸತೊಡಗಿದರು. ಎಡಗಣ್ಣು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿತ್ತು.

“ತಲೆ ಒಳಿಕ್ಕೆ ತಗೋ ಅಂದ್ಯಲ್ಲ, ತಗಂಡ್ರೆ ಇಂಗೇ ಆಗೋದು,” ಎಂದರು ಲಕ್ಕಮ್ಮ. ಆಮೇಲೆ ದನಿ ತಗ್ಗಿಸಿ ಕೇಳಿದರು: “ಊರ್ನಾಗೆ ಬಾಯಿ ಬುಟ್ಟೀಯಾ?”

“ಅವನು ಯಾಕೆ ಬುಡ್ಬೇಕು?” ಚಿಕ್ಕಮಾರಯ್ಯನವರು ಕನ್ನಡಕವನ್ನು ಜೇಬಿಗೆ ಹಾಕಿಕೊಂಡರು. “ಕ್ಯಾಲೆಂಡರ್ರೇ ಎಲ್ರುಗೂ ಏಳ್ತದೆ. ಲೈಸೆನ್ಸ್ ಆಫೀಸ್ನಾಗೂ ನೇತಾಕ್ತಾರೆ ಮುರಿಗೆಪ್ಪನೋರು. ತೆಗಿಯಪ್ಪ ಫೋಟೋ. ನಿನ್ ಕೆಲ್ಸ ನೀನು ಮಾಡು.”

ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತರು. ನಾನು ಇಳಿದು ಕಾರಿನ ಮುಂದೆ ನಿಂತು ಕ್ಯಾಮೆರಾ ಎತ್ತಿದೆ. ಆ ಸಣ್ಣ ಕಿಂಡಿಯಲ್ಲಿ ಕಾರು, ಹುಲ್ಲು, ಆಕಾಶ ಯಾವುದೂ ಕಾಣಲಿಲ್ಲ; ಆ ಬಿಳಿ ಕಣ್ಣೊಂದೇ ಕಂಡಿತು. ಬೆರಳು ಒತ್ತಲು ಬರಲಿಲ್ಲ.

ಆಗ ಕಾರಿನ ಗಾಜು ಸರ್ರನೆ ಇಳಿಯಿತು. ಮಫ್ಲರ್ ಸುತ್ತಿದ ತಲೆ ಹೊರಗೆ ಬಂತು.

“ಅಲ್ಲಲ್ಲ, ಅವ್ರ ಬಲಗಡೆಗೆ ಬಾ. ಇನ್ನೂ ಬಾ. ಬರ್ಲಿ… ಬರ್ಲಿ… ಇನ್ನೊಂಚೂರು…”

ಗೋಡೌನಿಗೆ ಲಾರಿ ಹಿಂದಕ್ಕೆ ತೆಗೆಸುವಂತೆ ಲಕ್ಕಮ್ಮ ನನ್ನನ್ನು ಕಾರಿನ ಸುತ್ತ ನಡೆಸಿದರು. ನಾನು ಕೂತಿದ್ದ ಕಡೆಯ ಬಾಗಿಲ ಹತ್ತಿರ ಬಂದಾಗ ತಗಡಿನ ಮೇಲೆ ಒಂದು ಏಟು ಬಿತ್ತು. ನಿಂತೆ. ಅಲ್ಲಿಂದ ಅವರ ಬಲಗೆನ್ನೆ, ಬಲಗಣ್ಣು, ತುಂಬು ಮೀಸೆ ಮಾತ್ರ ಕಾಣುತ್ತಿತ್ತು. ಬೆರಳು ಒತ್ತಿದೆ. ಹಿಮದ ಗುಡ್ಡ ನನ್ನ ಬೆನ್ನ ಹಿಂದಿತ್ತು.

ಮತ್ತೆ ಹೊರಡುವಾಗ ಕೋಟು ಬಿಚ್ಚಿ ಲಕ್ಕಮ್ಮನ ಹೆಗಲಿಗೆ ಹೊದಿಸಿದೆ. ಗಾಳಿ ಬಹಳ ತಣ್ಣಗಿತ್ತು, ಪ್ರದಕ್ಷಿಣೆ ಇನ್ನೂ ಅರ್ಧದಷ್ಟು ಬಾಕಿಯಿತ್ತು.

ಕ್ಯಾಲೆಂಡರ್ ಅಚ್ಚಾಗಿ ಬಂದಾಗ ಮುರಿಗೆಪ್ಪನವರು ನನ್ನನ್ನು ಕರೆಸಿ ಕೇಳಿದರು. “ಗುಡ್ಡ ಎಲ್ಲಿ ಹೋತೋ ತಮ್ಮಾ? ಹಿಂದ ಆಕಳಾ ನಿಂತದ. ಆಕಳಾ ನೋಡಾಕ ಅಷ್ಟು ದೂರ ಯಾಕ ಹೋಗಬೇಕಿತ್ತು, ಹೆಸರಘಟ್ಟದಾಗ ಇದ್ದಿದ್ದಿಲ್ಲೇನು? ಮತ್ತ ಕಿಡಕ್ಯಾಗಿಂದ ಹೊರಗ ಬಂದದ್ದು ಯಾರ ತಲಿ ಇದು?” ಬೈಸಿಕೊಂಡೆ. ಕ್ಯಾಲೆಂಡರ್ ಮಂಡಿಯ ಅಂಗಡಿಗಳಲ್ಲೆಲ್ಲ, ಲೈಸೆನ್ಸ್ ಕೊಡುವ ಕಚೇರಿಯ ಗೋಡೆಯ ಮೇಲೂ, ಇಡೀ ವರ್ಷ ನೇತಾಡಿತು. ಯಾರೂ ಏನೂ ಕೇಳಲಿಲ್ಲ. “ಅಲ್ಲೂ ಬಿಟ್ಟಿಲ್ಲ ನೋಡಿ ಗಂಡನ್ನ,” ಎಂದು ನಮ್ಮ ಬೀದಿ ಮಾತ್ರ ನಕ್ಕಿತು. ನಾನೂ ಜೊತೆಗೆ ನಕ್ಕೆ. ಬೇರೆ ಏನು ಮಾಡಿದರೂ ಬಾಯಿ ಬಿಟ್ಟಂತಾಗುತ್ತಿತ್ತು.

ಆ ದಶಕ ಮುಗಿಯುವ ಹೊತ್ತಿಗೆ ಚಿಕ್ಕಮಾರಯ್ಯನವರು ಲಾರಿ ಮಾರಿ, ಹೆಬ್ಬಾಳದಲ್ಲಿ ಉಳಿದಿದ್ದ ಚೂರು ಜಾಗದಲ್ಲಿ ಮನೆ ಕಟ್ಟಿಕೊಂಡರು. ಬೆಳಿಗ್ಗೆ ನಮ್ಮ ಬೀದಿಯನ್ನು ಎಬ್ಬಿಸುತ್ತಿದ್ದ ಆ ಎರಡು ಏಟು ನಿಂತುಹೋಯಿತು. ಗಡಿಯಾರ ಕೊಂಡೆ, ಅದು ಕೂಗುತ್ತದೆ, ಎಬ್ಬಿಸುವುದಿಲ್ಲ. ಒಂದು ಭಾನುವಾರ ಹೊಸ ಹೆಂಡತಿಯನ್ನು ಕರೆದುಕೊಂಡು ಅವರ ಮನೆಗೆ ಹೋದೆ. ತಿಂಗಳ ಹಾಳೆಗಳೆಲ್ಲ ಹರಿದುಹೋಗಿದ್ದರೂ ಕ್ಯಾಲೆಂಡರಿನ ಚಿತ್ರ ಗೋಡೆಯ ಮೇಲೆ ಹಾಗೇ ಇತ್ತು. ಅಂಗಳದಲ್ಲಿ ಚಿಕ್ಕಮಾರಯ್ಯನವರು ಕನ್ನಡಕವಿಲ್ಲದೆ, ಬಿಳಿಯ ಕಣ್ಣನ್ನು ಬಿಸಿಲಿಗೆ ಒಡ್ಡಿಕೊಂಡು ಹಾಯಾಗಿ ಕೂತಿದ್ದರು. ಅವರ ಎಡಗಡೆ ಲಕ್ಕಮ್ಮ ಅವರೆಕಾಯಿ ಸುಲಿಯುತ್ತಿದ್ದರು.

ಹೆಂಡತಿಯ ಮುಂದೆ ನನ್ನ ವಿದೇಶ ಪ್ರವಾಸದ ಪ್ರಸ್ತಾಪ ಬರಲಿ ಎಂಬ ಆಸೆಯಿಂದ ಕೇಳಿದೆ: “ಲಕ್ಕಮ್ಮನವರೇ, ಸ್ವಿಟ್ಜರ್ಲೆಂಡಿನ ಆ ಸರೋವರ, ಆ ಹಿಮದ ಗುಡ್ಡ, ಈಗಲೂ ಕಣ್ಮುಂದೆ ಬರುತ್ತಾ?”

“ಯಾವ ಗುಡ್ಡ?” ಎಂದರು ಲಕ್ಕಮ್ಮ, ಅವರೆಕಾಯಿಯಿಂದ ತಲೆಯೆತ್ತದೆ. “ನಾನು ಎಡಗಡೆ ನೋಡ್ತಿದ್ದೆ ಕಣಪ್ಪ.”