ಮಾವನವರ ಟಿವಿಗೆ ನನ್ನ ಕಂಪ್ಯೂಟರ್

ಬಟವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ನಾನು ಬಾಗಿಲು ಹಾಕಿಕೊಂಡು ಕೂರಬಹುದಾದ ಜಾಗ ಒಂದೇ, ಹಿಂದಿನ ಸಣ್ಣ ಕೋಣೆ. ಅಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸುತ್ತಿದ್ದೆ. ಸಂಪಾದನೆ ಅಷ್ಟಕ್ಕಷ್ಟೇ. ಆದರೆ ಆ ಬಾಗಿಲು ಹಾಕಿದ ಮೇಲೆ ನಾನು ಯಾರ ಸೊಸೆಯೂ ಅಲ್ಲ. ಅದಕ್ಕಾಗಿಯೇ ಆ ಕೆಲಸ ನನಗೆ ಬೇಕಿತ್ತು.

ಒಂದು ಬೆಳಿಗ್ಗೆ ಮಾನಿಟರ್ ಕೈಕೊಟ್ಟಿತು. ಗುಬ್ಬಿಯವರ ಮದುವೆ ಪತ್ರಿಕೆ ಅರ್ಧಕ್ಕೇ ನಿಂತಿತು. ಸಂಜೆ ನನ್ನ ಗಂಡ ಬೆಂಕಿಪೊಟ್ಟಣದಷ್ಟು ಸಣ್ಣ ಕಪ್ಪು ಡಬ್ಬಿಯೊಂದನ್ನು ತಂದು ಕೈಗಿಟ್ಟರು.

"ಕನ್ವರ್ಟರ್ ಕಣೇ. ಹಾಲ್‌ನಲ್ಲಿ ಅಷ್ಟು ದೊಡ್ಡ ಟಿವಿ ಇದೆಯಲ್ಲ, ಅದಕ್ಕೇ ಹಾಕ್ಕೋ. ಬೇರೆ ಮಾನಿಟರ್ ಯಾಕೆ ದಂಡಕ್ಕೆ?"

"ಹಾಲ್‌ನಲ್ಲಿ ಮಾವ ಇರ್ತಾರಲ್ರೀ."

"ಇದ್ರೆ ಏನೀಗ? ನಿನ್ನೇನು ತಿಂದ್ಕೋತಾರಾ?"

ಅವರಿಗೆ ಗೊತ್ತಿಲ್ಲದ್ದೇನಲ್ಲ. ಹಾಗಲವಾಡಿ ಕಡೆಯ ಈ ಮನೆತನದಲ್ಲಿ ಮಾವನ ಎದುರು ಸೊಸೆ ಕುರ್ಚಿಯ ಮೇಲೆ ಕೂರುವುದಿಲ್ಲ. ಅವರು ಬಂದರೆ ಎದ್ದು ನಿಲ್ಲಬೇಕು. ಕುಣಿಗಲ್ಲಿನ ತವರಿನಲ್ಲಿ ಅಪ್ಪನ ಪಕ್ಕದಲ್ಲೇ ಕಾಲು ಚಾಚಿಕೊಂಡು ಬೆಳೆದವಳು ನಾನು. ಇಲ್ಲಿ ಯಾರೂ ಗದರಿಸಲಿಲ್ಲ, ಮದುವೆಯಾದ ಹೊಸದರಲ್ಲಿ ಓರಗಿತ್ತಿ ಏಳುವುದನ್ನು ನೋಡಿ ನಾನೂ ಏಳತೊಡಗಿದೆ.

ಡಬ್ಬಿಯ ವೈರು ಗಿಡ್ಡ, ಟಿವಿಯೋ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ದು. ಹಾಗಾಗಿ ಟೇಬಲ್ಲು, ಸಿಪಿಯು, ಕುರ್ಚಿ ಎಲ್ಲವೂ ಹಾಲ್‌ಗೆ ಬಂದವು. ಮಾರನೆಯ ದಿನ ಮಾವ ಹೊರಗೆ ಹೋಗಿದ್ದಾಗ ಜೋಡಿಸಿದೆ. ಡಬ್ಬಿಯ ಒಂದು ತುದಿಗೆ ಕಂಪ್ಯೂಟರಿನ ನೀಲಿ ಪಿನ್ನು, ಇನ್ನೊಂದು ತುದಿಗೆ ಟಿವಿಯ ವೈರು. ಪರದೆಯ ಮೇಲೆ 'ನೋ ಸಿಗ್ನಲ್' ಎಂದು ಬಂತು. ನಿಜ ಹೇಳಬೇಕೆಂದರೆ ಜೀವಕ್ಕೆ ಹಾಯೆನಿಸಿತು.

ಆಮೇಲೆ ನೋಡಿದರೆ ಡಬ್ಬಿಗೆ ಬಾಲದಂಥ ಇನ್ನೊಂದು ವೈರು. ಅದನ್ನು ಯುಎಸ್‌ಬಿಗೆ ಚುಚ್ಚಿದರೆ ಮಾತ್ರ ಡಬ್ಬಿಗೆ ಕರೆಂಟು. ಅದನ್ನು ಹಿಡಿದುಕೊಂಡು ಸುಮ್ಮನೆ ಕೂತೆ. ಚುಚ್ಚದಿದ್ದರೆ "ಆಗಲ್ಲ ಅಂದ್ಮೇಲೆ ಕೆಲ್ಸ ಬಿಟ್ಬಿಡು" ಎಂದು ಗಂಡ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಚುಚ್ಚಿದರೆ ಇನ್ನು ಹಾಲ್‌ನಲ್ಲೇ ನನ್ನ ಬದುಕು. ಚುಚ್ಚಿದೆ. ಗುಬ್ಬಿಯ ಹುಡುಗನ ಹೆಸರು ಗೋಡೆಯ ತುಂಬ ಬೆಳಗಿತು. ಪತ್ರಿಕೆಯ ಅಂಚು ಪರದೆಯಾಚೆ ಕತ್ತರಿಸಿಹೋಗಿದ್ದನ್ನು ಸೆಟ್ಟಿಂಗ್ಸಿನಲ್ಲಿ ಸರಿಮಾಡಿದೆ.

ಅತ್ತೆಗೆ ಖುಷಿಯೋ ಖುಷಿ. "ಎಷ್ಟು ಚೆಂದಾಗಿ ಕಾಣ್ತದೆ ನೋಡು. ಒಳಗೆ ಒಬ್ಳೇ ಕೂತ್ಕೊಂಡು ಸಾಯೋದು ತಪ್ತು ಬುಡು." ಮಧ್ಯಾಹ್ನದ ಹೊತ್ತಿಗೆ ನನ್ನ ಕೋಣೆಗೆ ಊರಿನ ತೆಂಗಿನಕಾಯಿ ಮೂಟೆಗಳು ಸೇರಿದವು.

ಮಾವ ಬಂದರು, ಎದ್ದೆ. ನೀರು ಕುಡಿದು ಹೋದರು, ಕೂತೆ. ಕನ್ನಡಕ ಹುಡುಕಿಕೊಂಡು ಮತ್ತೆ ಬಂದರು, ಮತ್ತೆ ಎದ್ದೆ. ಅವರಿಗೆ ಅರ್ಥವಾಗಿರಬೇಕು. ಮರುದಿನದಿಂದ ವಾರ್ತೆಯನ್ನೂ ಬಿಟ್ಟು ಗೇಟಿನ ಬಳಿ ಮೆಟ್ಟಿಲ ಮೇಲೆ ಹೋಗಿ ಕೂರತೊಡಗಿದರು. "ಬಿಸ್ಲಲ್ಲಿ ಕೂತವ್ರೆ ನೋಡು" ಎಂದು ಅತ್ತೆ ಅಡುಗೆಮನೆಯಿಂದ ಗೊಣಗುತ್ತಿದ್ದರು. ನನಗೆ ನಾಚಿಕೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಕೋಣೆ ಕಳೆದುಕೊಂಡವಳು ನಾನು, ಬೈಸಿಕೊಳ್ಳುವವಳೂ ನಾನೇ.

ಒಂದು ಮಧ್ಯಾಹ್ನ ಮಾವ ಬಿಸಿಲು ತಡೆಯದೆ ಒಳಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ನಾನು ಎದ್ದೆ.

"ಕೂತ್ಕೋ ತಾಯಿ," ಎಂದರು. "ನಾನು ಕಣ್ ಮುಚ್ಕೋತೀನಿ. ನೋಡ್ದೇ ಇದ್ರೆ ನಾನು ಇಲ್ಲಿಲ್ಲ ಅಂತ್ಲೇ ತಿಳ್ಕೋ."

ನಿಜವಾಗಿಯೂ ಮುಚ್ಚಿಕೊಂಡರು. ನಿದ್ದೆಯಲ್ಲ, ಬರುತ್ತಿದ್ದ ಕೆಮ್ಮನ್ನೂ ನನಗಾಗಿ ನುಂಗಿಕೊಳ್ಳುತ್ತಿದ್ದರು. ನಾನು ಕೂತು ಟೈಪ್ ಮಾಡಿದೆ. ಬೆನ್ನು ಸೆಟೆದುಕೊಂಡಿತ್ತು. ಜೋರು ಮಾಡುವ ಮಾವನಾಗಿದ್ದರೆ ಜಗಳವಾಡಿಯಾದರೂ ನನ್ನ ಕೋಣೆ ವಾಪಸ್ ಕೇಳುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಕೂತವರನ್ನು ಏನಂತ ಕೇಳಲಿ?

ಈಗಲೂ ದಿನಾ ಊಟವಾದ ಮೇಲೆ ಅವರು ಬಂದು ಹಾಗೇ ಕಣ್ಣು ಮುಚ್ಚಿ ಕೂರುತ್ತಾರೆ, ನಾನೂ ಕೂರುತ್ತೇನೆ.