ಅಟ್ಟದ ಕೊಬ್ಬರಿ ಮತ್ತು ಕ್ರಿಮಿನಾಲಜಿ

ಹೋದ ವಾರ ನಾನೊಬ್ಬ ಕಳ್ಳನನ್ನು ಹಿಡಿದೆ. ಸಾಕ್ಷಿ ಬೇಕಾಗಲಿಲ್ಲ, ವಿಚಾರಣೆಯೂ ಬೇಕಾಗಲಿಲ್ಲ. ಹತ್ತು ನಿಮಿಷದಲ್ಲಿ ತೀರ್ಪೂ ಕೊಟ್ಟೆ. (ಮೇಷ್ಟರಾಗಿ ರಿಟೈರ್ ಆದವರಿಗೆ ಅಷ್ಟು ಸಮಯವೇ ಹೆಚ್ಚು.)

ಬಾಣಾವರದ ನಮ್ಮ ಮನೆಯಲ್ಲಿ ಒಂದು ಅಟ್ಟವಿದೆ. ತೆಂಗಿನಕಾಯಿಗಳು ಅಲ್ಲಿ ಹತ್ತು ಹನ್ನೊಂದು ತಿಂಗಳು ಮಲಗಿ ಕೊಬ್ಬರಿಯಾಗುತ್ತವೆ. ಪ್ರತಿ ತಿಂಗಳ ಒಂದನೇ ತಾರೀಖು, ಬೆಳಿಗ್ಗೆ ಏಳಕ್ಕೆ, ಏಣಿಯ ಐದನೇ ಮೆಟ್ಟಿಲಿನವರೆಗೆ ಹತ್ತಿ, ಕಾಯಿಯ ರಾಶಿ ನೋಡಿ ಇಳಿಯುತ್ತೇನೆ. ಈ ಸಲ ರಾಶಿಯ ನಡುವೆ ದೊಡ್ಡ ಹಳ್ಳ! ಅಲ್ಲಿಗೆ ನನ್ನನ್ನು ಬಿಟ್ಟರೆ ಬರುವವನು ಕಾಯಿ ಸುಲಿಯುವ ರಂಗಪ್ಪ ಒಬ್ಬನೇ. ಇನ್ನೇನು ಯೋಚನೆ? ಅಂಗಳಕ್ಕೆ ಕೆಲಸಕ್ಕೆ ಬಂದಿದ್ದವನನ್ನು ಒಳಗೆ ಕರೆದೆ.

"ನಡಿ ಸ್ಟೇಷನ್‌ಗೆ" ಎಂದೆ.

"ನಾನ್ ಮುಟ್ಟಿಲ್ಲ ಮೇಷ್ಟ್ರೇ. ನಮ್ಮಪ್ಪನಾಣೆ." ರಂಗಪ್ಪ ನಿಂತಲ್ಲೇ ನಿಂತ.

ಅಷ್ಟರಲ್ಲಿ ಕೊಬ್ಬರಿ ವರ್ತಕ ಶಿವಣ್ಣ ಮಗಳು ಸವಿತಾಳನ್ನು ಕರೆದುಕೊಂಡು ಬಂದ. ಬರಹೇಳಿದ್ದವನು ನಾನೇ. ಬಿ.ಎ. ಮುಗಿಸಿದ ಹುಡುಗಿ ಧಾರವಾಡಕ್ಕೆ ಹೋಗಿ ಕ್ರಿಮಿನಾಲಜಿಯಲ್ಲಿ ಎಂ.ಎ. ಮಾಡುತ್ತೇನೆಂದು ಹಟ ಹಿಡಿದಿದ್ದಳು. ಅರ್ಜಿ ಅಂದೇ ಅಂಚೆಗೆ ಬೀಳಬೇಕು. ಅಪ್ಪ ಸಹಿ ಹಾಕುತ್ತಿಲ್ಲ. ಬುದ್ಧಿ ಹೇಳಿ ಅವಳನ್ನು ಬಿ.ಎಡ್.ಗೆ ಒಪ್ಪಿಸುವ ಜವಾಬ್ದಾರಿ ನನ್ನದು.

"ಅದನ್ನ ಓದಿ ಏನಾಗ್ತೀಯಮ್ಮ?"

"ಪೊಲೀಸ್ ಇಲಾಖೆ ಸೇರಬಹುದು ಸಾರ್. ಜೈಲಲ್ಲಿ ಆಫೀಸರ್ ಆಗಬಹುದು. ಪ್ರೊಬೇಷನ್ ಆಫೀಸರ್ ಅಂತಲೂ ಇದೆ. ತಪ್ಪು ಮಾಡಿದವರನ್ನ ಜೈಲಿಗೆ ಹಾಕದೆ ಸರಿದಾರಿಗೆ ತರೋ ಕೆಲಸ."

"ಕೇಳಿದ್ರಾ!" ಶಿವಣ್ಣ ಹಣೆ ಚಚ್ಚಿಕೊಂಡ. "ನಾಳೆ ಗಂಡಿನ ಕಡೆಯೋರು ಬಂದು ಹುಡುಗಿ ಎಲ್ಲಿ ಅಂದ್ರೆ, ಜೈಲಲ್ಲವ್ಳೆ ಕಣ್ರೀ ಅನ್ಲಾ?"

ಆ ಸ್ಥಿತಿಯಲ್ಲೂ ರಂಗಪ್ಪನಿಗೆ ನಗು ಬಂತು. ನಾನು ಗದರಿದೆ. ಏನಾಯಿತೆಂದು ಸವಿತಾ ಕೇಳಿದಳು. ಹೇಳಿದೆ. ಅವಳು ಟಾರ್ಚ್ ಇಸಿದುಕೊಂಡು ಏಣಿಯ ಬುಡದಲ್ಲಿ ನಿಂತಳು.

"ಸಾರ್, ನೀವು ಎಷ್ಟು ಮೆಟ್ಟಿಲು ಹತ್ತಿದ್ರಿ?"

"ಐದು. ಯಾವಾಗಲೂ ಐದೇ."

"ಆರನೇದರಿಂದ ಮೇಲೆ ಧೂಳು ಹಾಗೇ ಇದೆ. ಯಾರೂ ಅಟ್ಟಕ್ಕೆ ಹತ್ತೇ ಇಲ್ಲ. ಕಾಯಿ ಕೆಳಗೆ ಹೋಗಿರಬೇಕು."

ಅಟ್ಟದ ಅಡಿಗೇ ಬರುವ ಹಿಂದಿನ ಕೋಣೆಯ ಬೀಗ ತೆಗೆಸಿದಳು. (ಒಲೆಗೆಂದು ಸುಲಿದ ಕಾಯಿಯ ಮಟ್ಟೆ ತುಂಬಿ ನಾನೇ ಬೀಗ ಹಾಕಿದ್ದೆ.) ಅಟ್ಟಕ್ಕೆ ಹಾಸಿದ್ದ ಬಿದಿರಿನ ಗಳವೊಂದು ಮುರಿದು, ಕಾಯಿಗಳು ಮಟ್ಟೆಯ ಮೆತ್ತೆಯ ಮೇಲೆ ಸದ್ದಿಲ್ಲದೆ ಬಿದ್ದು ಕೂತಿದ್ದವು.

ರಂಗಪ್ಪ ಬಗ್ಗಿ ನೋಡಿದ. "ಕಳ್ಳ ಇಲ್ಲೇ ಐತೆ ಮೇಷ್ಟ್ರೇ, ಬಿದಿರಿನ ಗಳ. ಸ್ಟೇಷನ್‌ಗೆ ಹೊತ್ಕೊಂಡ್ ಬರ್ಲಾ?"

ಅವನ ಕೈ ಹಿಡಿದು "ತಪ್ಪಾಯ್ತಪ್ಪ" ಎಂದೆ. ಆ ಒಂದು ಮಾತು ಹೊರಡಲು, ಕಳ್ಳನನ್ನು ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. ಆಮೇಲೆ ಶಿವಣ್ಣನಿಗೆ ಪೆನ್ನು ಕೊಟ್ಟೆ.

"ಸಹಿ ಹಾಕಯ್ಯ."

"ಬುದ್ಧಿ ಹೇಳ್ತೀನಿ ಅಂದಿದ್ರಲ್ಲ ಮೇಷ್ಟ್ರೇ?"

"ಹೇಳಿಸಿಕೊಂಡೆನಲ್ಲ, ಅಷ್ಟು ಸಾಲದಾ?"

ಶಿವಣ್ಣ ರಂಗಪ್ಪನ ಮುಖ ನೋಡಿದ, ಮಗಳ ಮುಖ ನೋಡಿದ, ಸಹಿ ಹಾಕಿದ. ಹನ್ನೊಂದಕ್ಕೆ ಅರ್ಜಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೊರಟಿತು.

ಇಷ್ಟಕ್ಕೇ ಮುಗಿದಿದ್ದರೆ ನೆಮ್ಮದಿಯಾಗಿರುತ್ತಿದ್ದೆ. ಆದರೆ ಮೂವತ್ತು ವರ್ಷ ತರಗತಿಯಲ್ಲಿ ಜಾಮಿಟ್ರಿ ಬಾಕ್ಸ್ ಕಳೆದಾಗಲೆಲ್ಲ ಹಿಂದಿನ ಬೆಂಚಿನವರನ್ನೇ ಎಬ್ಬಿಸಿ ನಿಲ್ಲಿಸಿದವನು ನಾನು.

ಅವರಲ್ಲಿ ಎಷ್ಟು ಜನರ ಮನೆ ಹುಡುಕಿಕೊಂಡು ಹೋಗಲಿ, ಹೇಳಿ?