ರಥಸಪ್ತಮಿಗೆ ಐದೇ ಎಲೆ

ಬುಕಿತ್ ಪಂಜಾಂಗ್‌ನ ನಮ್ಮ ಫ್ಲ್ಯಾಟಿನ ಕಾರಿಡಾರಿನಲ್ಲಿ ಕುಂಡದ ಎಕ್ಕದ ಗಿಡವನ್ನು ಪಟ್ಟೆಪಟ್ಟೆ ಹುಳುಗಳು ಮೇಯುತ್ತಿದ್ದವು. ಸ್ಪ್ರೇ ಬಾಟಲಿ ಎತ್ತಿಕೊಂಡೆ. ತುಂಡಾದ ಎಲೆಯ ಹಾಲು ಬೆರಳಿಗೆ ಅಂಟಿತು.

ಈ ದೇಶಕ್ಕೆ ಬರುವ ಎಷ್ಟೋ ಮೊದಲು, ಚಿಕ್ಕಂದಿನಲ್ಲಿ, ಮೈಸೂರಿನಲ್ಲಿ ರಥಸಪ್ತಮಿಯ ಸ್ನಾನಕ್ಕೆ, ತಲೆ ಭುಜಗಳ ಮೇಲಿಟ್ಟುಕೊಳ್ಳಲು, ಏಳು ಎಕ್ಕದೆಲೆ ತರುವುದು ನನ್ನ ಕೆಲಸವಾಗಿತ್ತು. ಒಮ್ಮೆ ಎರಡು ಎಲೆಗಳಲ್ಲಿ ಇಂಥವೇ ಹುಳುಗಳಿದ್ದವು. ಕೊಡವಲು ಹೋದಾಗ ಅಜ್ಜಿ ತಡೆದರು.

"ಇವು ಪೆಸ್ಟ್ ಅಜ್ಜಿ, ಗಿಡ ಹಾಳುಮಾಡೋ ಹುಳ ಅಂತ ಸ್ಕೂಲಲ್ಲಿ ಹೇಳ್ಕೊಟ್ಟಿದ್ದಾರೆ."

"ನಿಮ್ಮ ಮಿಸ್ಸು ಚಿಟ್ಟೆ ಆಕಾಶದಿಂದ ಉದುರುತ್ತೆ ಅಂದ್ಕೊಂಡಿದ್ದಾರಾ? ಎಕ್ಕ ಬಿಟ್ರೆ ಅದರ ಮರಿಗೆ ಬೇರೆ ಊಟ ಇಲ್ಲ ಕಣೇ. ಎಲೆ ಸಮೇತ ಗಿಡದ ಮೇಲೆ ಇಟ್ಟು ಬಾ."

ಆ ವರ್ಷ ಐದೇ ಎಲೆಯಲ್ಲಿ ಮಿಂದೆ. ಸ್ಕೂಲಿನ ಪದ ಉಳಿದಷ್ಟು ಅಜ್ಜಿಯ ಮಾತು ನನ್ನಲ್ಲೇಕೆ ಉಳಿಯಲಿಲ್ಲ?

"ಬೇಗ ಸ್ಪ್ರೇ ಮಾಡಮ್ಮ, ಹಬ್ಬಕ್ಕೆ ಎಲೆನೇ ಇರಲ್ಲ ಲಾ!" ಎಂದಳು ಮಗಳು, ಇಲ್ಲಿಯವರ ಹಾಗೆ 'ಲಾ' ಸೇರಿಸಿ.

ಬಾಟಲಿ ಕೆಳಗಿಟ್ಟೆ. "ಐದು ಉಳಿದರೆ ಸಾಕು ಬಿಡೇ."